ಕೆಲಸ ಕೊಟ್ಟಿದ್ದೀರಿ, ತೀರ್ಮಾನ ಕೊಟ್ಟಿಲ್ಲ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಅಮೀನಗಡದ ಕರದಂಟಿನ ವ್ಯಾಪಾರ. ಅಪ್ಪ ಶುರು ಮಾಡಿದ್ದು. ಅಮೀನಗಡದಲ್ಲಿ ಭಟ್ಟಿ ಮತ್ತು ಒಂದು ಅಂಗಡಿ ಇದೆ. ಬಾಗಲಕೋಟೆಯ ನವನಗರದಲ್ಲಿ ಒಂದು, ವಿಜಯಪುರದಲ್ಲಿ ಒಂದು ಅಂಗಡಿ. ಒಟ್ಟು 19 ಜನ ಕೆಲಸಕ್ಕಿದ್ದಾರೆ. ನನಗೀಗ 46 ವರ್ಷ. ಬೆಳಿಗ್ಗೆ 6ಕ್ಕೆ ಭಟ್ಟಿಗೆ ಹೋದರೆ ಮನೆ ಸೇರುವುದು ರಾತ್ರಿ 10ಕ್ಕೆ. ಪಾಕ ನಾನೇ ನೋಡಬೇಕು, ಚೆಕ್ಕಿಗೆ ನಾನೇ ಸಹಿ ಹಾಕಬೇಕು. ಗಿರಾಕಿ 50 ರೂಪಾಯಿ ಬಿಡಿ ಅಂದರೂ ಅಂಗಡಿಯಿಂದ ನನಗೇ ಫೋನ್. ಹೋದ ವರ್ಷ ಧಾರವಾಡದಲ್ಲಿ ತಂಗಿಯ ಮಗಳ ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ನಾನು ಕಲ್ಯಾಣ ಮಂಟಪದ ಹೊರಗೆ ಫೋನ್ ಹಿಡಿದು ನಿಂತಿದ್ದೆ. 22,000 ಸಂಬಳ ಕೊಟ್ಟು ಒಬ್ಬ ಮ್ಯಾನೇಜರ್ ಇಟ್ಟೆ. ‘ಇಲ್ಲಿ ನನಗೇನ್ ಕೆಲ್ಸ ಐತ್ರಿ?’ ಅಂತ ಹೇಳಿ ನಾಲ್ಕೇ ತಿಂಗಳಿಗೆ ಬಿಟ್ಟು ಹೋದ. ಬಿಪಿ ಜಾಸ್ತಿ ಆಗಿದೆ, ಓಡಾಟ ಕಡಿಮೆ ಮಾಡಿ ಅಂತಾರೆ ಡಾಕ್ಟರು. ಆದರೆ ನಾನು ಹಿಂದೆ ಸರಿದರೆ ರುಚಿ ಕೆಡುತ್ತದೆ, ದುಡ್ಡು ಸೋರುತ್ತದೆ ಅನ್ನುವ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮ್ಯಾನೇಜರ್ ಆಡಿದ ಆ ಒಂದು ಮಾತು. ಕೆಲಸಗಳ್ಳನ ಮಾತು ಅಂತ ನೀವು ಅಂದುಕೊಂಡಿರಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಬೆಲ್ಲ ಎಷ್ಟು ತರಿಸಬೇಕು ಅಂತ ಅವನು ನಿಮ್ಮನ್ನು ಕೇಳಬೇಕಿತ್ತು. ಹುಡುಗರಿಗೆ ರಜೆ ಕೊಡಬೇಕಾದರೆ ನಿಮ್ಮನ್ನು ಕೇಳಬೇಕಿತ್ತು. ಟೆಂಪೋ ಬಾಡಿಗೆ ಕೊಡುವುದಕ್ಕೂ ನಿಮ್ಮದೇ ಒಪ್ಪಿಗೆ. ಅಂಗಡಿಯಿಂದ ನಿಮಗೆ, ನಿಮ್ಮಿಂದ ಅಂಗಡಿಗೆ ಮಾತು ಮುಟ್ಟಿಸುವುದೇ ಅವನ ದಿನಚರಿ ಆಗಿತ್ತು. ನೀವು ಕೆಲಸ ಕೊಟ್ಟಿದ್ದಿರಿ, ತೀರ್ಮಾನ ಮಾತ್ರ ನಿಮ್ಮ ಜೇಬಿನಲ್ಲೇ ಉಳಿದಿತ್ತು. ಇಂಥ ಕಡೆ ಚುರುಕಾದವನು ನಿಲ್ಲುವುದಿಲ್ಲ. ನಿಂತವನು ಕೇಳಿ ಕೇಳಿಯೇ ಕಾಲ ಕಳೆಯುತ್ತಾನೆ.

ಮೊದಲು ಒಂದು ಕೆಲಸ ಮಾಡಿ. ನೂರು ಪುಟದ ನೋಟ್‌ಬುಕ್ ಒಂದು ತಂದು ಏಳು ದಿನ ಜೇಬಿನಲ್ಲಿಟ್ಟುಕೊಳ್ಳಿ. ವ್ಯಾಪಾರಕ್ಕೆ ಸಂಬಂಧಿಸಿದ ಪ್ರತಿ ಫೋನನ್ನೂ ಬರೆಯಿರಿ: ಯಾರು ಮಾಡಿದರು, ಏನು ಕೇಳಿದರು, ನೀವು ಏನು ಹೇಳಿದಿರಿ. ಎದುರಿಗೆ ಬಂದು ಕೇಳಿದ್ದನ್ನೂ ಸೇರಿಸಿ. ಭಾನುವಾರ ಮನೆಯಲ್ಲಿ ಕೂತು ಒಂದೊಂದೇ ಓದಿ. ‘ಈ ಉತ್ತರ ಕೇಳಿದವನಿಗೇ ಗೊತ್ತಿತ್ತಾ?’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಗೊತ್ತಿದ್ದರೆ ಪಕ್ಕದಲ್ಲಿ ಒಂದು ಗೀಟು ಎಳೆಯಿರಿ. ವ್ಯಾಪಾರದ ಸಲಹೆಗಾರನಾಗಿ ನಾನು ಬೆಳಗಾವಿಯಲ್ಲಿ ಕೂತು ಇಂಥ ಎಷ್ಟೋ ನೋಟ್‌ಬುಕ್ ನೋಡಿದ್ದೇನೆ. ಗೀಟುಗಳೇ ಜಾಸ್ತಿ ಇರುತ್ತವೆ. ಉತ್ತರ ಗೊತ್ತಿದ್ದೂ ಜನ ಕೇಳುತ್ತಾರೆ. ತಪ್ಪಾದರೆ ಬೈಗುಳ ತಮಗೆ ಬರುತ್ತದೆ, ಕೇಳಿ ಮಾಡಿದರೆ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಆ ಗೀಟು ಬಿದ್ದ ಸಾಲುಗಳೇ ನೀವು ಬಿಟ್ಟುಕೊಡಬೇಕಾದ ತೀರ್ಮಾನಗಳು. ಬೇರೆ ಪಟ್ಟಿ ಹುಡುಕಬೇಕಿಲ್ಲ.

ಈಗ ಪಾಕದ ವಿಷಯ. ನಿಮ್ಮ ನಿಜವಾದ ಭಯ ಇರುವುದು ಇಲ್ಲೇ, ಅಲ್ವಾ? ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಅಂಟು, ಅಂದರೆ ಕರಿದು ಹಾಕುವ ಗೋಂದು, ಒಳಗಿನವರೆಗೂ ಅರಳದಿದ್ದರೆ ಹಲ್ಲಿಗೆ ಅಂಟುತ್ತದೆ. ಪಾಕ ಒಂದು ನಿಮಿಷ ಮುಂಚೆ ಇಳಿಸಿದರೆ ಟ್ರೇಯಲ್ಲಿ ಕೂರುವುದಿಲ್ಲ. ಒಂದು ನಿಮಿಷ ಮೀರಿದರೆ ಕಲ್ಲಾಗುತ್ತದೆ. ಅಷ್ಟು ತುಪ್ಪ, ಗೋಡಂಬಿ, ಬಾದಾಮಿ, ಉತ್ತತ್ತಿ, ಒಣಕೊಬ್ಬರಿ ಎಲ್ಲ ಅದರೊಳಗೆ ಹೋಗಿರುತ್ತದೆ. ಬಾಣಂತಿಗೆ ಕೊಡಲು ಅಂತ ಒಯ್ದ ಮನೆಯವರು ಒಮ್ಮೆ ಮುಖ ಸಿಂಡರಿಸಿದರೆ ಮತ್ತೆ ಬರುವುದಿಲ್ಲ. ಎಲ್ಲ ನಿಜ.

ಆದರೂ ನಿಮ್ಮ ಭಟ್ಟಿಯಲ್ಲಿ ನಡೆಯುವುದನ್ನೇ ಒಮ್ಮೆ ನೆನಪಿಸಿಕೊಳ್ಳಿ. ಕಡಾಯಿಯಲ್ಲಿ ಬೆಲ್ಲ ಕುದಿಯುತ್ತಿದೆ. ಗುಳ್ಳೆ ದೊಡ್ಡದಿದ್ದದ್ದು ಚಿಕ್ಕದಾಗುತ್ತದೆ, ಕುದಿಯ ಸದ್ದು ಬದಲಾಗುತ್ತದೆ. ವರ್ಷಗಟ್ಟಲೆ ಸೌಟು ಆಡಿಸಿದ ನಿಮ್ಮ ಹಿರಿಯ ಕೆಲಸಗಾರನ ಕೈ ಆ ಹೊತ್ತಿಗೆ ತಾನಾಗಿಯೇ ನಿಧಾನ ಆಗುತ್ತದೆ. ಬಟ್ಟಲಿನ ನೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಅವನಿಗೆ ಗೊತ್ತಾಗುತ್ತದೆ. ಆದರೂ ಆ ಬೆರಳನ್ನು ನಿಮ್ಮ ಕಡೆ ಚಾಚಿ, ‘ಸಾವಕಾರ್ರ, ಬಂತೇನ್ರಿ?’ ಅನ್ನುತ್ತಾನೆ. ಹೀಗೆ ನಡೆಯದ ಭಟ್ಟಿಯನ್ನು ನಾನು ನೋಡಿಲ್ಲ. ನೀವು ನೋಡಿ ಹೂಂ ಅನ್ನುವುದರೊಳಗೆ ಪಾಕ ಇನ್ನಷ್ಟು ಮುಂದೆ ಹೋಗಿರುತ್ತದೆ.

ಅವನ ಕಣ್ಣಿಗೆ ನೀವು ಹೊಸದಾಗಿ ಏನೂ ಕಲಿಸಬೇಕಿಲ್ಲ. ಇನ್ನು ಮೇಲೆ ಬಾಯಿ ಅವನದೇ ಆಗಬೇಕು. ಅದನ್ನು ನಾಲ್ಕು ವಾರದಲ್ಲಿ ಮಾಡಿ. ಮೊದಲ ವಾರ ಪಾಕ ನೀವೇ ನೋಡಿ, ಆದರೆ ನೀವು ಹೇಳುವ ಮುಂಚೆ ಅವನು ಹೇಳಲಿ: ಬಂತು, ಇಲ್ಲ, ಇನ್ನೊಂದು ಕುದಿ. ಎರಡನೆಯ ವಾರ ಅವನು ನೋಡಿ ಇಳಿಸಲಿ. ನೀವು ಪಕ್ಕದಲ್ಲಿ ನಿಂತಿರಿ, ಮಾತಾಡಬೇಡಿ. ಮುಖದಲ್ಲೂ ಏನೂ ತೋರಿಸಬೇಡಿ, ಯಾಕಂದರೆ ಅವನು ಇಷ್ಟು ವರ್ಷ ಕಡಾಯಿಗಿಂತ ಜಾಸ್ತಿ ನಿಮ್ಮ ಮುಖವನ್ನೇ ಓದಿದ್ದಾನೆ. ಮೂರನೆಯ ವಾರ ನೀವು ಪ್ಯಾಕಿಂಗ್ ಕೋಣೆಯಲ್ಲಿರಿ. ನಾಲ್ಕನೆಯ ವಾರ ಮಧ್ಯಾಹ್ನ ಬಂದು ಆರಿದ ಟ್ರೇಯಿಂದ ಒಂದು ತುಂಡು ತಿಂದು ನೋಡಿ, ಅಷ್ಟೇ. ಎಲ್ಲಕ್ಕಿಂತ ಕಷ್ಟ ಎರಡನೆಯ ವಾರ. ಮಾಲಕರು ಸೋಲುವುದು ಅಲ್ಲೇ.

ಜೊತೆಗೆ ಒಂದು ಪಾಕದ ಥರ್ಮಾಮೀಟರ್ ತನ್ನಿ. ಸಕ್ಕರೆ ಪಾಕ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತನೆಯ ಉಂಡೆಯ ಹದಕ್ಕೆ ಬರುತ್ತದೆ, 121ರಿಂದ 130ರ ನಡುವೆ ಗಟ್ಟಿ ಉಂಡೆ ಆಗುತ್ತದೆ. ಬೆಲ್ಲ ಇಷ್ಟು ನೇರ ಇಲ್ಲ. ಮಹಾಲಿಂಗಪುರ ಪೇಟೆಯ ಬೆಲ್ಲವೇ ಆದರೂ ಒಂದು ಲಾಟಿನ ಹಾಗೆ ಇನ್ನೊಂದು ಇರುವುದಿಲ್ಲ. ತೇವ ಬೇರೆ, ಉಪ್ಪಿನಂಶ ಬೇರೆ. ಅದಕ್ಕೇ ಪುಸ್ತಕದ ಅಂಕಿ ನಂಬಿ ಕೂರಬೇಡಿ. ಒಂದು ತಿಂಗಳು ಪ್ರತಿ ಕಡಾಯಿಗೂ ಬೆಲ್ಲದ ಲಾಟು, ಇಳಿಸಿದಾಗಿನ ಡಿಗ್ರಿ, ಮರುದಿನ ತುಂಡು ಹೇಗಿತ್ತು ಅನ್ನುವುದನ್ನು ಗೋಡೆಯ ಹಾಳೆಯ ಮೇಲೆ ಬರೆಸಿ. ತಿಂಗಳಾದ ಮೇಲೆ ನಿಮ್ಮ ಮನೆಯ ಪಾಕದ ಅಂಕಿ ನಿಮಗೇ ಸಿಗುತ್ತದೆ. ಅಪ್ಪನ ಕಾಲದಿಂದ ಬೆರಳ ತುದಿಯಲ್ಲಿ ಇದ್ದದ್ದು ಮೊದಲ ಸಲ ಕಾಗದಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಎರಡನೆಯವನಿಗೂ ಕಲಿಸಬಹುದು, ಕಲಿಸಲೇಬೇಕು. ಒಬ್ಬನ ಮೇಲೇ ನಿಂತ ಭಟ್ಟಿ ಅವನಿಗೆ ಜ್ವರ ಬಂದ ದಿನ ನಿಂತು ಹೋಗುತ್ತದೆ. ಈಗ ನಿಮ್ಮ ಮೇಲೆ ನಿಂತಿದೆ, ನಾಳೆ ಅವನ ಮೇಲೆ ನಿಲ್ಲುತ್ತದೆ, ಅಷ್ಟೇ ಫರಕು.

ತಿಕೋಟಾ ಕಡೆಯ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಇದನ್ನು ಇನ್ನೂ ಸುಲಭ ಮಾಡಿಕೊಂಡಿದ್ದಾರೆ. ಗ್ರೇಡಿಂಗ್ ಮಾಡುವ ಜಾಗದಲ್ಲಿ ಗಾಜಿನ ಭರಣಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಬಣ್ಣ ಈ ಭರಣಿಗಿಂತ ಕಪ್ಪಾದರೆ ಕೆಳಗಿನ ಗುಂಪಿಗೆ. ಆರಿಸುವ ಹೆಣ್ಣುಮಕ್ಕಳು ಯಾರನ್ನೂ ಕೇಳುವುದಿಲ್ಲ, ಭರಣಿ ನೋಡುತ್ತಾರೆ. ನೀವೂ ಸರಿಯಾಗಿ ಅರಳಿದ ಅಂಟು, ಹಸಿ ಉಳಿದ ಅಂಟು, ಸುಟ್ಟ ಅಂಟು ಮೂರನ್ನೂ ಭರಣಿಯಲ್ಲಿ ಇಡಿ.

ಕಲಿಯುವಾಗ ಕೆಲವು ಕಡಾಯಿ ಕೆಡುತ್ತವೆ. ಅದಕ್ಕೆ ಮುಂಚೆಯೇ ದುಡ್ಡು ತೆಗೆದಿಡಿ. ನಾಲ್ಕು ಕಡಾಯಿಯ ಖರ್ಚು ಲೆಕ್ಕ ಹಾಕಿ, ಅದು ಕಲಿಕೆಯ ಫೀಸು ಅಂತ ಖಾತೆಯಲ್ಲಿ ಬರೆದುಬಿಡಿ. ಕೆಟ್ಟ ದಿನ ನಿಮಗೆ ಸಿಟ್ಟು ಕಡಿಮೆ ಬರುತ್ತದೆ. ಕೆಟ್ಟದ್ದನ್ನು ಅಂಗಡಿಗೆ ಕಳಿಸದೆ ಅಲ್ಲೇ ತಡೆದವನಿಗೆ ಶಾಬಾಸ್ ಅನ್ನಿ. ಮುಚ್ಚಿಟ್ಟರೆ ಮಾತ್ರ ಕೋಪ ಮಾಡಿ. ಈ ಎರಡರ ವ್ಯತ್ಯಾಸ ಭಟ್ಟಿಯ ಎಲ್ಲರಿಗೂ ಸ್ಪಷ್ಟ ಗೊತ್ತಿರಬೇಕು.

ಇನ್ನೊಂದು ದಾರಿ ಕಾನೂನೇ ತೋರಿಸಿದೆ. ಆಹಾರ ತಯಾರಿಸುವ ಕಡೆ ಪ್ರತಿ 25 ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕು ಅನ್ನುತ್ತದೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ. ತುಂಬಾ ಕಡೆ ಮಾಲಕರೇ ತರಬೇತಿಗೆ ಹೋಗಿ ಪ್ರಮಾಣಪತ್ರ ತಂದು ಗೋಡೆಗೆ ಹಾಕುತ್ತಾರೆ. ನೀವು ಹಿರಿಯ ಕೆಲಸಗಾರನನ್ನೇ ಕಳಿಸಿ. ಅವನ ಹೆಸರಿನ ಪ್ರಮಾಣಪತ್ರ ಭಟ್ಟಿಯ ಗೋಡೆಯ ಮೇಲೆ ಬಂದರೆ ಉಳಿದವರು ಅವನ ಮಾತು ಕೇಳುವ ರೀತಿಯೇ ಬದಲಾಗುತ್ತದೆ. ಅಂಗಡಿಗಳಿಗೂ ಒಂದು ಮಾತು. 2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಸಿಹಿಗೂ ಎಷ್ಟು ದಿನದೊಳಗೆ ತಿನ್ನಬೇಕು ಅನ್ನುವ ತಾರೀಖು ಗಿರಾಕಿಗೆ ಕಾಣುವಂತೆ ಹಾಕಬೇಕು. ಆ ತಾರೀಖು ಮುಗಿದ ಮಾಲನ್ನು ಕೌಂಟರಿನ ಹುಡುಗ ನಿಮ್ಮನ್ನು ಕೇಳದೆ ತೆಗೆಯಬೇಕು. ತೂಗಿ, ಬರೆದು, ಫೋಟೋ ತೆಗೆದು, ಎಸೆಯಬೇಕು. ಎಸೆಯಲು ಒಪ್ಪಿಗೆ ಕೇಳುವಂತೆ ಇಟ್ಟರೆ ಎಸೆಯುವುದೇ ಇಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ‘ನಂಬಿಕೆ ಇಡಿ’ ಅಂತ ನಾನು ಹೇಳುವುದಿಲ್ಲ. ನಂಬಿಕೆಯ ಮೇಲಷ್ಟೇ ಗಲ್ಲಾ ಬಿಡುವುದು ಕೆಲಸಗಾರನಿಗೂ ಅನ್ಯಾಯ. ಲೆಕ್ಕ ತಪ್ಪಿದ ದಿನ ಪ್ರಾಮಾಣಿಕನ ಮೇಲೂ ಅನುಮಾನ ಬರುತ್ತದೆ. ಮಿತಿ ಇಟ್ಟು ಬಿಡಿ. ಕೌಂಟರಿನಲ್ಲಿ ಇರುವವರು ಒಂದು ಬಿಲ್ಲಿಗೆ 50 ರೂಪಾಯಿವರೆಗೆ ಬಿಡಬಹುದು, ದೂರು ಬಂದರೆ 500 ರೂಪಾಯಿವರೆಗಿನ ಮಾಲು ಬದಲಿಸಿ ಕೊಡಬಹುದು. ಅಂಗಡಿಯ ಮುಖ್ಯಸ್ಥರು ತಿಂಗಳಿಗೆ 3,000 ರೂಪಾಯಿವರೆಗೆ ರಿಪೇರಿ, ಬಾಡಿಗೆ, ಸಣ್ಣಪುಟ್ಟ ಖರ್ಚು ಮಾಡಬಹುದು. ಉದ್ರಿ ಕೊಡುವುದು ಮಾತ್ರ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಈ ಅಂಕಿಗಳು ಉದಾಹರಣೆ, ನಿಮ್ಮ ಮಾರಾಟ ನೋಡಿ ನೀವೇ ಹಾಕಿಕೊಳ್ಳಿ. ಆದರೆ ಬಾಯಿಮಾತಲ್ಲಿ ಹೇಳಬೇಡಿ. ಒಂದು ಹಾಳೆಯಲ್ಲಿ ಬರೆದು ಗಲ್ಲಾದ ಒಳಗೆ ಅಂಟಿಸಿ. ನಗದಿಗೆ ಸರ್ಕಾರವೇ ಹಾಕಿದ ಮಿತಿಯನ್ನೂ ಬರೆಯಿರಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ನೀವು ಇಲ್ಲದಾಗ ಯಾರೋ ತುಪ್ಪದವರಿಗೆ ನಗದು ಎಣಿಸಿ ಕೊಟ್ಟರೆ ನಷ್ಟ ನಿಮಗೇ.

ಸೋರಿಕೆ ತಡೆಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ಮಾಲು ತರಿಸುವವರು, ತೂಗಿ ಒಳಗೆ ತೆಗೆದುಕೊಳ್ಳುವವರು, ದುಡ್ಡು ಕಳಿಸುವವರು ಬೇರೆ ಬೇರೆ ಇರಲಿ. ಬ್ಯಾಂಕಿನ ವ್ಯವಹಾರಕ್ಕೆ ಒಬ್ಬರು ಪಾವತಿ ತಯಾರು ಮಾಡುವುದು, ಇನ್ನೊಬ್ಬರು ಮಂಜೂರು ಮಾಡುವುದು ಅನ್ನುವ ಮೇಕರ್–ಚೆಕರ್ ವ್ಯವಸ್ಥೆ ಇದೆ. ಬ್ಯಾಂಕಿನಲ್ಲಿ ಕೇಳಿ ಹಾಕಿಸಿಕೊಳ್ಳಿ. ನೀವು ಎಲ್ಲೇ ಇದ್ದರೂ ಸಂಜೆ ಹತ್ತು ನಿಮಿಷದಲ್ಲಿ ಮಂಜೂರು ಮಾಡಿ ಮುಗಿಸಬಹುದು. ಚೆಕ್ ಪುಸ್ತಕ ಹಿಡಿದು ಭಟ್ಟಿಗೂ ಅಂಗಡಿಗೂ ಓಡಬೇಕಿಲ್ಲ. ಜಿಎಸ್‌ಟಿ ಪೋರ್ಟಲ್ಲಿನಲ್ಲೂ ನಿಮ್ಮ ಜೊತೆ ಬೇರೆಯವರನ್ನು ಅಧಿಕೃತ ಸಹಿದಾರರಾಗಿ ಸೇರಿಸಬಹುದು. ನೀವು ಪ್ರತಿ ತಿಂಗಳು ರಿಟರ್ನ್ ಹಾಕುವವರಾದರೆ, ಅದರ ಕೊನೆಯ ದಿನಗಳಾದ 11ನೇ ಮತ್ತು 20ನೇ ತಾರೀಖು ಒಟಿಪಿಗಾಗಿ ನಿಮ್ಮ ಫೋನ್ ಹುಡುಕುವುದು ತಪ್ಪುತ್ತದೆ. ಇನ್ನು ಬಾದಾಮಿ, ಗೋಡಂಬಿ, ತುಪ್ಪ. ವಾರಕ್ಕೊಮ್ಮೆ, ಮುಂಚೆ ಹೇಳದ ದಿನ, ತೂಗಿ ನೋಡಿ. ಈ ಮೂರು ಸರಿ ಇದ್ದರೆ ಉಳಿದದ್ದು ಬಹುತೇಕ ಸರಿ ಇರುತ್ತದೆ.

ಮ್ಯಾನೇಜರ್ ವಿಷಯದಲ್ಲಿ ಒಂದು ಎಚ್ಚರಿಕೆ, ನೀವು ಕೇಳದಿದ್ದರೂ ಹೇಳುತ್ತೇನೆ. ಈಗ ನಿಮ್ಮಲ್ಲಿ 19 ಜನ. ಒಬ್ಬರು ಸೇರಿದರೆ 20. ಅಲ್ಲಿಗೆ ಪಿಎಫ್ ಕಾಯ್ದೆ ಬರುತ್ತದೆ, ಮೂರೂ ಊರಿನ ಜನರನ್ನು ಸೇರಿಸಿಯೇ ಎಣಿಸುತ್ತಾರೆ. ಹಿಂದಿನ ಮ್ಯಾನೇಜರ್ ಇದ್ದ ನಾಲ್ಕು ತಿಂಗಳೂ ಲೆಕ್ಕಕ್ಕೆ ಬರಬಹುದು. ಆಡಿಟರ್ ಹತ್ತಿರ ಈ ವಾರವೇ ಮಾತಾಡಿ. ಪಿಎಫ್ ಆಗುತ್ತದೆ ಅಂತ 19ಕ್ಕೇ ನಿಲ್ಲಬೇಡಿ. ಪಿಎಫ್ ಇರುವ ಕಡೆ ಒಳ್ಳೆಯ ಜನ ನಿಲ್ಲುತ್ತಾರೆ.

ಹೊರಗಿನಿಂದ ಮ್ಯಾನೇಜರ್ ತರುವುದಕ್ಕಿಂತ ಮೊದಲು ಒಳಗೆ ನೋಡಿ ಅನ್ನುವುದು ನನ್ನ ಅಭಿಪ್ರಾಯ. ಭಟ್ಟಿಯನ್ನು ಹಿರಿಯ ಕೆಲಸಗಾರನಿಗೆ ಒಪ್ಪಿಸಿ, ಸಂಬಳ ಏರಿಸಿ, ಎಲ್ಲರ ಮುಂದೆ ಹೇಳಿ. ಮೂರು ಅಂಗಡಿಗೆ ಮೂವರು ಮುಖ್ಯಸ್ಥರು. ಅಷ್ಟಾದರೆ ಮ್ಯಾನೇಜರ್ ಬೇಕಾ ಅನ್ನುವುದನ್ನು ಆರು ತಿಂಗಳ ಮೇಲೆ ಯೋಚನೆ ಮಾಡಿ. ನೆಂಟರಲ್ಲಿ ಯಾರಾದರೂ ಇದ್ದರೆ, ಅವರಿಗೂ ಅದೇ ಹಾಳೆ, ಅದೇ ಮಿತಿ.

ನನ್ನದೇ ಒಂದು ತಪ್ಪು ಹೇಳಬೇಕು. ಸಲಹೆಗಾರ ಆಗುವ ಮುಂಚೆ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹನ್ನೊಂದು ವರ್ಷ ಮಷಿನ್ ಶಾಪ್ ನಡೆಸಿದೆ. ಫೌಂಡ್ರಿಯಿಂದ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ತುಂಡು ತರಿಸಿ, ಮಷಿನಿಂಗ್ ಮಾಡಿ ಕೊಡುವ ಕೆಲಸ. ಒಳಗೆ ಬರುವ ಕಾಸ್ಟಿಂಗ್ ನೋಡಿ ಒಪ್ಪುವುದು, ಬಿಡುವುದು ನಿಮ್ಮದೇ ಅಂತ ನಮ್ಮ ಸೂಪರ್‌ವೈಸರ್‌ಗೆ ಹೇಳಿದ್ದೆ. ಒಂದು ದಿನ ಅವರು ಒಂದು ಲಾಟಿನಲ್ಲಿ ಗಾಳಿಗುಳ್ಳೆ ಕಂಡು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಟೆಂಪೋ ವಾಪಸ್ ಕಳಿಸಿದರು. ಅರ್ಧ ತಾಸಿಗೆ ಫೌಂಡ್ರಿಯವರ ಫೋನ್ ನನಗೆ ಬಂತು. ಹಳೆಯ ಪರಿಚಯ. ‘ಇಷ್ಟಕ್ಕೆಲ್ಲ ವಾಪಸ್ಸಾ?’ ಅಂದರು. ನಾನು ಶಾಪಿನ ನಡುವೆ ನಿಂತು, ಆಪರೇಟರ್‌ಗಳ ಎದುರಿಗೇ, ‘ತೊಗೊಳ್ರಿ, ಇರಲಿ’ ಅಂದೆ. ಅವರು ಒಂದು ಮಾತೂ ಆಡಲಿಲ್ಲ. ಬಟ್ಟೆ ತಂದು ಸೀಮೆಸುಣ್ಣದ ಗುರುತು ಒರೆಸಿದರು. ಆ ದಿನದಿಂದ ಅವರು ಯಾವ ಲಾಟನ್ನೂ ವಾಪಸ್ ಕಳಿಸಲಿಲ್ಲ. ಪ್ರತಿ ಸಲ ನನ್ನ ಕ್ಯಾಬಿನ್ನಿಗೆ ಬಂದು, ‘ಏನ್ ಮಾಡೂಣ್ರಿ ಸರ್?’ ಅನ್ನುತ್ತಿದ್ದರು. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಆ ಬಟ್ಟೆ ನೆನಪಾಗುತ್ತಿತ್ತು. ಕೊಟ್ಟ ಅಧಿಕಾರವನ್ನು ಒಂದೇ ವಾಕ್ಯದಲ್ಲಿ ಕಿತ್ತುಕೊಂಡಿದ್ದೆ. ಮರಳಿ ಕೊಡಲು ಎರಡು ವರ್ಷ ಬೇಕಾಯಿತು.

ಆದ್ದರಿಂದ ಕೈಮುಗಿದು ಹೇಳುತ್ತೇನೆ. ನಿಮ್ಮವರು ಮಿತಿಯೊಳಗೆ ಒಂದು ತೀರ್ಮಾನ ಮಾಡಿದರೆ, ಅದು ನಿಮಗೆ ಸರಿ ಕಾಣದಿದ್ದರೂ ಆ ದಿನ ನಡೆಯಲು ಬಿಡಿ. ಗಿರಾಕಿಯ ಮುಂದೆ ಬದಲಿಸಬೇಡಿ, ಸಹೋದ್ಯೋಗಿಗಳ ಮುಂದೆ ಬದಲಿಸಬೇಡಿ. ಸಂಜೆ ಒಬ್ಬರನ್ನೇ ಕರೆದು ಚಹಾ ಕೊಟ್ಟು, ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿ. ಎಷ್ಟೋ ಸಲ ನಿಮಗೆ ಗೊತ್ತಿಲ್ಲದ ಕಾರಣ ಇರುತ್ತದೆ. ಹಳೆಯ ಗಿರಾಕಿಗಳು ‘ಸಾವಕಾರ್ರನ್ನೇ ಕೇಳ್ತೀವಿ’ ಅಂತ ನಿಮಗೆ ಫೋನ್ ಮಾಡಿಯೇ ಮಾಡುತ್ತಾರೆ. ‘ಅಂಗಡಿಯಲ್ಲಿ ಅವರು ಹೇಳಿದ್ದೇ ಕೊನೆ ಮಾತು’ ಅನ್ನಿ. ಮೊದಲ ಸಲ ಹೀಗೆ ಹೇಳುವಾಗ ನಾಲಿಗೆ ತಡೆಯುತ್ತದೆ. ಆದರೂ ಹೇಳಿ.

ನಮ್ಮ ಬೆಳಗಾವಿಯಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. 1888ರಲ್ಲಿ ಶುರುವಾದ ಕಿರ್ಲೋಸ್ಕರ್ ಸಹೋದರರ ಉದ್ಯಮದ ಮೂಲ ಇಲ್ಲಿಯ ಒಂದು ಸೈಕಲ್ ಅಂಗಡಿ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂಬೈಯಲ್ಲಿ ಪಾಠ ಹೇಳುತ್ತಾ ಅಲ್ಲಿಂದ ಸೈಕಲ್ ಕಳಿಸುತ್ತಿದ್ದರು. ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಅವನ್ನು ಮಾರುತ್ತಿದ್ದರು, ಕೊಂಡವರಿಗೆ ಓಡಿಸುವುದನ್ನೂ ಕಲಿಸುತ್ತಿದ್ದರು. ನಡುವೆ ಇದ್ದದ್ದು ಕಾಗದ ಪತ್ರ. ಬೆಲೆ ಬಿಡಲಾ ಅಂತ ಕೇಳಿ ಉತ್ತರ ಬರುವುದರೊಳಗೆ ಗಿರಾಕಿ ಊರು ಸೇರಿರುತ್ತಿದ್ದ. ಅಂಗಡಿಯಲ್ಲಿ ಇದ್ದವರೇ ತೀರ್ಮಾನ ಮಾಡಬೇಕಿತ್ತು. ಫೋನ್ ಬಂದ ಮೇಲೆ ನಮಗೆಲ್ಲ ಅನುಕೂಲ ಆಯಿತು, ನಿಜ. ಆದರೆ ಕೆಲಸದವರು ಸ್ವಂತ ಬುದ್ಧಿಯಿಂದ ನಡೆಯಲೇಬೇಕಾದ ಆ ಸಂದರ್ಭವನ್ನು ಅದೇ ಫೋನ್ ಕಿತ್ತುಕೊಂಡಿತು. ನಿಮ್ಮ ವಿಜಯಪುರದ ಅಂಗಡಿ ಕೈಗೆಟುಕದಷ್ಟು ದೂರ ಇದೆ ಅಂತ ಬೇಕಂತಲೇ ಅಂದುಕೊಳ್ಳಬೇಕು.

ಶ್ರಾವಣದಲ್ಲಿ ಇದನ್ನು ಶುರು ಮಾಡಬೇಡಿ. ಪಂಚಮಿ, ಗಣಪತಿ, ದೀಪಾವಳಿ ಮುಗಿಯಲಿ. ಆ ಗದ್ದಲದಲ್ಲಿ ಯಾರೂ ಕಲಿಯುವುದಿಲ್ಲ, ನಿಮಗೂ ಸುಮ್ನೆ ನಿಲ್ಲಲು ಆಗುವುದಿಲ್ಲ. ನೋಟ್‌ಬುಕ್ ಮಾತ್ರ ನಾಳೆಯಿಂದಲೇ. ಪಾಕದ ನಾಲ್ಕು ವಾರ ಮುಗಿದ ಮೇಲೆ ಮನೆಯವರನ್ನು ಕರೆದುಕೊಂಡು ನಾಲ್ಕು ದಿನ ಎಲ್ಲಾದರೂ ಹೋಗಿ. ಹಗಲು ಫೋನ್ ಮನೆಯವರ ಕೈಯಲ್ಲಿರಲಿ. ರಾತ್ರಿ 8ಕ್ಕೆ ಮೂರು ಅಂಗಡಿ ಮತ್ತು ಭಟ್ಟಿಯಿಂದ ತಲಾ ಮೂರು ಸಾಲು ವಾಟ್ಸಾಪ್ ಬರಲಿ: ಎಷ್ಟು ಮಾರಾಟ, ಏನು ತೊಂದರೆ ಆಯಿತು, ನಾವು ಏನು ಮಾಡಿದೆವು. ಮೂರನೆಯ ಸಾಲೇ ಮುಖ್ಯ. ‘ಏನು ಮಾಡಲಿ’ ಅಂತ ಬಂದರೆ ‘ನಿಮಗೇನು ಅನ್ನಿಸುತ್ತದೆ?’ ಅಂತ ಮಾತ್ರ ಬರೆಯಿರಿ.

ವಾಪಸ್ ಬಂದ ದಿನ ನೇರ ಕಡಾಯಿಯ ಹತ್ತಿರ ಹೋಗಬೇಡಿ. ಗೋಡೆಯ ಹಾಳೆ ನೋಡಿ, ಬೆಲ್ಲದ ಲಾಟು, ಡಿಗ್ರಿ, ಮರುದಿನದ ತುಂಡು. ಯಾವುದೋ ಒಂದು ಸಾಲಿನಲ್ಲಿ ‘ಗಟ್ಟಿ ಆಯ್ತು, ಅಂಗಡಿಗೆ ಕಳಿಸಿಲ್ಲ’ ಅಂತ ಬರೆದಿರಬಹುದು. ಹಾಗಿದ್ದರೆ ಆ ಸಾಲು ಬರೆದವರು ಯಾರು ಅಂತ ಕೇಳಿ, ಎಲ್ಲರೂ ಇರುವಾಗಲೇ ಅವರ ಬೆನ್ನು ತಟ್ಟಿ.